ನಗೆಯಣ್ಣನ ಸಾವಿರದ ಆರುನೂರು ಸುತ್ತು

ನಮ್ಮ ಅಣ್ಣ ಇಡೀ ಜೀವಮಾನದಲ್ಲಿ ಊರು ಬಿಟ್ಟು ಹೊರಗೆ ಹೋದದ್ದು ನಾಲ್ಕೇ ಸಲ. ಅದರಲ್ಲೂ ಎರಡು ಸಲ ತಪ್ಪು ಬಸ್ಸು ಹತ್ತಿ. ಅಂಥವನು ಭೂಮಿಯನ್ನು ಕಾರಿನಲ್ಲಿ ಸಾವಿರದ ಆರುನೂರು ಸುತ್ತು ಹಾಕಿದಷ್ಟು ಕೆಲಸ ಮಾಡಿದ್ದಾನೆ ಎಂದು ಅವನ ಸ್ವಂತ ಮಗಳೇ ಲೆಕ್ಕ ಹಾಕಿ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ನನಗೆ ನಗು ತಡೆಯಲಾಗಲಿಲ್ಲ, ಅವನಿಗೆ ಅಳು ತಡೆಯಲಾಗಲಿಲ್ಲ. ಎಲ್ಲವೂ ಒಂದು ಗೋಡೆಯ ಆಚೆ ಈಚೆ ನಡೆದ ಸಂಗತಿಯಾದ್ದರಿಂದ ಆ ಗೋಡೆಯಿಂದಲೇ ಶುರು ಮಾಡುತ್ತೇನೆ.

ಗೋಡೆ ಇರುವುದು ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ. ಈಚೆ ನನ್ನ ಲಾಂಡ್ರಿ: ನಾಲ್ಕು ಒಗೆಯುವ ಯಂತ್ರ, ಎರಡು ಒಣಗಿಸುವ ಯಂತ್ರ, ಗಂಟುಗಳನ್ನು ತೂಗುವ ಒಂದು ದೊಡ್ಡ ತೂಕದ ಯಂತ್ರ, ಚಾದರ ಮಡಿಸಲು ಒಂದು ಉದ್ದನೆಯ ಮೇಜು, ಆರು ಜನ ಹೆಂಗಸರು, ಮತ್ತು ಇವರನ್ನೆಲ್ಲ ಬೈಯಲು ನಾನು. ಆಚೆ ಅಣ್ಣನ ಗ್ಯಾಸ್ ರೂಮು. ಅಲ್ಲಿ ಆಳೆತ್ತರದ ಸಿಲಿಂಡರುಗಳು ಗೋಡೆಗೆ ಸರಪಳಿ ಬಿಗಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಬಹುಪಾಲು ಆಮ್ಲಜನಕದವು. ಮೂಲೆಯಲ್ಲಿ ಎರಡು ನೀಲಿ ಬಣ್ಣದವು, ಅವೇ ನಗೆಗ್ಯಾಸು. ನೋವಿನಲ್ಲಿರುವವರು ಮೂಗಿಗೆ ಹಿಡಿದು ನಾಲ್ಕು ಉಸಿರು ಎಳೆದರೆ ನೋವು ದೂರ ಸರಿದು, ತಲೆ ಹಗುರಾಗಿ, ಕೆಲವರಿಗೆ ಕಿಲಕಿಲ ನಗುವೂ ಬರುತ್ತದಂತೆ. ಆ ನೀಲಿ ಸಿಲಿಂಡರುಗಳಿಂದ ಹೊರಟ ತಾಮ್ರದ ಕೊಳವೆ ಗೋಡೆ ತೂರಿ, ನನ್ನ ಲಾಂಡ್ರಿಯ ಸೂರಿನ ಕೆಳಗೇ ಹಾದು, ಮೇಲಿನ ಮಹಡಿಗಳಿಗೆ ಹೋಗಿ, ಅಲ್ಲಿ ಒಂದೊಂದು ವಿಭಾಗದಲ್ಲೂ ಒಂದು ನಲ್ಲಿಗೆ ಸೇರುತ್ತದೆ.

ಎರಡು ನೀಲಿ ಸಿಲಿಂಡರುಗಳಲ್ಲಿ ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಕಾಯುತ್ತಿರುತ್ತದೆ. ಮೊದಲನೆಯದು ಖಾಲಿಯಾದಾಗ ಎರಡನೆಯದು ತಾನಾಗಿ ತೆರೆದುಕೊಂಡು ಗೋಡೆಯ ಮೇಲಿನ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದರೆ ಸಾಕು, ಅಣ್ಣ ಸ್ಪ್ಯಾನರ್ ಹಿಡಿದು ಎದ್ದು ಗೋಡೆಗೆ ಎರಡು ಗುದ್ದು ಕೊಟ್ಟು ಕೂಗುತ್ತಿದ್ದ: "ಮೇಲೆ ಯಾರೋ ಚೆನ್ನಾಗಿ ನಕ್ಕರು ಕಣೇ!" ಆಮೇಲೆ ಖಾಲಿಯಾದದ್ದನ್ನು ಇಳಿಸಿ ತುಂಬಿದ್ದನ್ನು ಬಿಗಿಸುತ್ತಿದ್ದ. ಮೂವತ್ತೊಂದು ವರ್ಷ ಇದೇ ಗುದ್ದು, ಇದೇ ಕೂಗು. ಇದರಿಂದಲೇ ಆಸ್ಪತ್ರೆಯಲ್ಲಿ ಅವನಿಗೆ ನಗೆಯಣ್ಣ ಎಂಬ ಹೆಸರು ಬಿತ್ತು. ಹಾಗೆ ನೋಡಿದರೆ ಅವನು ನಗುವುದೇ ಕಡಿಮೆ. ತುಂಬಾ ಖುಷಿಯಾದರೆ ಮೀಸೆಯ ಬಲತುದಿ ಸ್ವಲ್ಪ ಮೇಲೇಳುತ್ತದೆ, ಅಷ್ಟೇ.

ಈ ಗ್ಯಾಸಿನ ಬಗ್ಗೆ ಅವನಿಗಿದ್ದ ಹೆಮ್ಮೆಗೆ ಒಂದು ಮೂಲ ಇತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ನಮ್ಮ ಅತ್ತಿಗೆಗೆ ಇದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಆವತ್ತು ರಜ ಕೇಳಿದರೂ ಸಿಗದೆ ಅಣ್ಣ ಕೆಳಗೆ ಡ್ಯೂಟಿಯಲ್ಲಿದ್ದ. ಮಧ್ಯಾಹ್ನ ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಮ್ಮನೆಯವರು ನಗ್ತಾ ನಗ್ತಾ ಹೆತ್ತರು ಕಣ್ರೀ, ಹೆಣ್ಣುಮಗು!" ಎಂದು ಕೂಗಿದಳು. ಅಷ್ಟೇ ಸಾಕಾಯಿತು. ತಾನು ಕೆಳಗಿನಿಂದ ಕಳಿಸಿದ ಗ್ಯಾಸು ಕೊಳವೆ ಹತ್ತಿ ಹೋಗಿ ಹೆಂಡತಿಯ ನೋವು ಇಳಿಸಿತು ಎಂದು ಅವನು ಅವತ್ತೇ ತೀರ್ಮಾನ ಮಾಡಿಬಿಟ್ಟ. ಆ ಹೆಣ್ಣುಮಗು, ನಮ್ಮ ಪುಟ್ಟಿ, ತೊಟ್ಟಿಲಲ್ಲಿದ್ದಾಗಲೇ ಅವಳ ಕಿವಿಯಲ್ಲಿ ಹೇಳಿದ್ದ: "ನಿನ್ನ ಹೆರಿಗೆಗೂ ನಾನೇ ನಗು ಕಳಿಸ್ತೀನಿ ಕಣಮ್ಮಾ." ಕೆಲವರು ಮಕ್ಕಳಿಗೆ ಮನೆ ಕಟ್ಟಿಸುತ್ತಾರೆ, ಕೆಲವರು ಓದಿಸುತ್ತಾರೆ. ಇವನು ಓದಿಸಿದ್ದೂ ಉಂಟು, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಈ ನಗುವೊಂದನ್ನೇ. ಕಳೆದ ವರ್ಷ ಪುಟ್ಟಿ ಬಸುರಿ ಎಂದು ಗೊತ್ತಾದ ದಿನ ಅವನು ನೀಲಿ ಸಿಲಿಂಡರುಗಳನ್ನು ಒರೆಸಿ ಒರೆಸಿ ಕನ್ನಡಿ ಮಾಡಿಬಿಟ್ಟ.

ಪುಟ್ಟಿಯ ನೌಕರಿಯೋ, ದೇವರಿಗೇ ಪ್ರೀತಿ. ಭೂಮಿ ಇಷ್ಟಕ್ಕಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಇನ್ನೆಷ್ಟು ಹೊಗೆ ಬಿಡಬಹುದು ಎಂದು ಲೆಕ್ಕ ಹಾಕುವ ಕಚೇರಿಯಲ್ಲಿ ಅವಳು ಕೂತಿರುತ್ತಾಳೆ. ಅದಕ್ಕೆ ಕಾರ್ಬನ್ ಬಜೆಟ್ ಎನ್ನುತ್ತಾರಂತೆ. ಎಂಟು ತಿಂಗಳು ತುಂಬಿ ರಜ ಹಾಕಿದ ಮೇಲೂ ಅವಳ ತಲೆಗೆ ರಜ ಸಿಕ್ಕಿರಲಿಲ್ಲ. ತಪಾಸಣೆಗೆ ಬಂದಾಗಲೆಲ್ಲ ನನ್ನ ಲಾಂಡ್ರಿಯಲ್ಲಿ ಚಾದರದ ರಾಶಿಯ ಮೇಲೆ ಮಹಾರಾಣಿಯ ಹಾಗೆ ಒರಗಿ ಕೂರುತ್ತಿದ್ದಳು. ಇಡೀ ಆಸ್ಪತ್ರೆಯಲ್ಲಿ ಬಸುರಿಯ ಬೆನ್ನಿಗೆ ಹಿತವಾದ ಜಾಗ ಅದೊಂದೇ.

ಒಂದು ಗುರುವಾರ ನಾನು ಲಿಫ್ಟಿನ ಹತ್ತಿರ ಜಗಳ ಮುಗಿಸಿ ಬುಸುಗುಡುತ್ತ ಒಳಗೆ ಬಂದೆ. ನನ್ನ ಚಾದರದ ಗಾಡಿಗಳು ಲಿಫ್ಟು ತುಂಬಿದರೆ ಜನ ಮುಖ ಸಿಂಡರಿಸುತ್ತಾರೆ. ಚಾದರ ಇಲ್ಲದೆ ಬರೀ ಹಾಸಿಗೆಯ ಮೇಲೆ ಮಲಗಿಸಿದರೆ ಆಗ ಗೊತ್ತಾಗುತ್ತದೆ ಇವರಿಗೆ! ನಾನು ಹೀಗೆ ಕೂಗಾಡುತ್ತಿದ್ದರೆ ಪುಟ್ಟಿಯ ಕಣ್ಣು ಹೊಳೆಯಿತು.

"ಅತ್ತೇ, ನನ್ನ ಕೆಲಸ ಏನು ಅಂತ ಕೇಳ್ತಿರ್ತೀರಲ್ಲ? ಇದೇ ನೋಡಿ. ಲಿಫ್ಟಲ್ಲಿ ಇಷ್ಟೇ ತೂಕ ಅಂತ ಬರೆದಿರುತ್ತಲ್ಲ, ಅದು ಬಿಸಿಯ ಮಿತಿ. ಹತ್ತೋ ಜನ ಅಂದ್ರೆ ಇಂಗಾಲದ ಡೈಆಕ್ಸೈಡು. ಒಂದ್ಸಲ ಹತ್ತಿದೋರು ಇಳಿಯೋ ಮಾತೇ ಇಲ್ಲ. ಇನ್ನೆಷ್ಟು ಜನ ಹತ್ತಬಹುದು ಅನ್ನೋದೇ ಕಾರ್ಬನ್ ಬಜೆಟ್ಟು."

"ನನ್ನ ಗಾಡಿ?"

"ಅದೇ ತಕರಾರು! ಗಾಡಿ ಅಂದ್ರೆ ಬೇರೆ ಗ್ಯಾಸುಗಳು. ಅವನ್ನ ಜನರ ಲೆಕ್ಕದಲ್ಲಿ ಹಿಡಿಯೋದಿಲ್ಲ, ಆದ್ರೆ ಲಿಫ್ಟಿಗೆ ತೂಕ ತೂಕವೇ. ಗಾಡಿ ಒಳಗೆ ಬಂದಷ್ಟೂ ಜನ ಹೊರಗೆ ನಿಲ್ಲಬೇಕು. ಕಸದ ಗುಡ್ಡೆಯಿಂದ, ದನದ ತೇಗಿಂದ ಬರೋ ಮೀಥೇನ್ ಒಂದು ಗಾಡಿ. ಭಾರೀ ತೂಕ, ಆದ್ರೆ ಬೇಗ ಇಳಿದು ಹೋಗುತ್ತೆ. ಹೊಸದು ಹತ್ತಿಸದೇ ಇದ್ರೆ ಜಾಗ ಬಿಡುತ್ತೆ, ಪುಣ್ಯಾತ್ಮ. ಫ್ರಿಜ್ಜಿನ ಗ್ಯಾಸು ಇನ್ನೊಂದು ಗಾಡಿ. ಹೊಲಕ್ಕೆ ಹಾಕೋ ಗೊಬ್ಬರದಿಂದ ಏಳೋ ಗ್ಯಾಸು ಮತ್ತೊಂದು. ಅದು ಹತ್ತಿದ್ರೆ ನೂರು ವರ್ಷ ಅಲ್ಲಾಡೋದಿಲ್ಲ."

"ಮತ್ತೆ ಎಷ್ಟು ಜನ ಹತ್ತಬಹುದು ಅಂತ ಹೇಗೆ ಹೇಳ್ತೀಯೇ? ಮೇಲಿನ ಮಹಡೀಲಿ ನಾನು ಎಷ್ಟು ಗಾಡಿ ನೂಕ್ತೀನೋ ನಿನಗೇನು ಗೊತ್ತು?"

"ಗೊತ್ತಿಲ್ಲ ಅತ್ತೆ! ಊಹೆ ಮಾಡಬೇಕು. ಗಾಡಿ ಕಮ್ಮಿ ಅಂದ್ಕೊಂಡ್ರೆ ಜನಕ್ಕೆ ಜಾಗ ಜಾಸ್ತಿ ಕಾಣುತ್ತೆ, ಗಾಡಿ ಜಾಸ್ತಿ ಅಂದ್ಕೊಂಡ್ರೆ ಬಾಗಿಲಲ್ಲೇ ತಡೀಬೇಕು. ನಮ್ಮ ಕಚೇರೀಲಿ ಅರ್ಧ ಜಗಳ ಈ ಗಾಡಿಗಳದ್ದೇ."

ಇಷ್ಟು ಓದಿದ ಹುಡುಗಿಯರು ನನ್ನ ಹಾಗೇ ಲಿಫ್ಟಿನ ಮುಂದೆ ಜಗಳವಾಡುತ್ತಿದ್ದಾರೆ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು. ಅಷ್ಟರಲ್ಲಿ ಗೋಡೆಯಾಚೆ ಗಂಟೆ ಬಾರಿಸಿತು. ಢಬ್ ಢಬ್. "ಮೇಲೆ ಯಾರೋ ಚೆನ್ನಾಗಿ ನಕ್ಕರು ಕಣೇ!"

ಪುಟ್ಟಿ ನಗಲಿಲ್ಲ. ಚಿಕ್ಕಂದಿನಿಂದ ಕೇಳಿದ್ದ ಕೂಗು, ಆದರೆ ಅವತ್ತು ಅವಳ ತಲೆಯಲ್ಲಿ ಗಾಡಿಗಳು ಓಡುತ್ತಿದ್ದವು. ಎದ್ದು ನಿಧಾನವಾಗಿ ಗೋಡೆಯಾಚೆ ಹೋದಳು. ನಾನೂ ಹಿಂದೆಯೇ ಹೋದೆ.

"ಅಪ್ಪ, ಇದಕ್ಕೆ ಮುಂಚೆ ಯಾವತ್ತು ಬಾರಿಸಿತ್ತು?"

"ಹೋದ ಗುರುವಾರ."

"ಅದಕ್ಕೆ ಮುಂಚೆ?"

ಅಣ್ಣ ಸ್ಪ್ಯಾನರಿನಿಂದ ಕತ್ತು ಕೆರೆದುಕೊಂಡ. "ಅದರ ಹಿಂದಿನ ಗುರುವಾರ. ಗಡಿಯಾರ ತಪ್ಪಬಹುದು, ಇದು ತಪ್ಪಲ್ಲ."

"ಜನ ವಾರಕ್ಕೊಂದ್ಸಲ ಗುರುವಾರಕ್ಕೆ ಸರಿಯಾಗಿ ಒಂದು ಸಿಲಿಂಡರ್ ನಗ್ತಾರಾ ಅಪ್ಪ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಇಷ್ಟು ವರ್ಷ ಗೋಡೆ ಗುದ್ದಿಸಿಕೊಂಡ ನನಗಾಗಲಿ, ಮೂವತ್ತೊಂದು ವರ್ಷ ಗುದ್ದಿದ ಅವನಿಗಾಗಲಿ ಇದು ಹೊಳೆದಿರಲಿಲ್ಲ. ಅಣ್ಣ ಸರಪಳಿ ಸರಿಮಾಡಿದ. ಕೊನೆಗೆ, "ನೀನೇ ಪರೀಕ್ಷೆ ಮಾಡಿ ನೋಡು, ನನ್ನ ಗ್ಯಾಸು ಅಂಥದ್ದಲ್ಲ," ಎಂದ.

ಪರೀಕ್ಷೆ ಭಾನುವಾರ ಎಂದು ನಿಶ್ಚಯವಾಯಿತು. ಭಾನುವಾರ ಆಪರೇಷನ್ ಇಲ್ಲ, ಹಲ್ಲಿನ ವಿಭಾಗಕ್ಕೆ ಬೀಗ, ಹೆರಿಗೆ ವಾರ್ಡಿನಲ್ಲಿ ಅವತ್ತು ಎಲ್ಲರೂ ಹೆತ್ತು ಮುಗಿಸಿ ಮಲಗಿದ್ದರು. ಆಸ್ಪತ್ರೆಯಲ್ಲಿ ನಗಬೇಕಾದವರು ಯಾರೂ ಇರಲಿಲ್ಲ. ಈ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳನ್ನು ನಂಬುವ ಹಾಗಿಲ್ಲ ಎಂದು ಅಣ್ಣನೇ ಹೇಳಿದ. ಒಳಗೆ ಗ್ಯಾಸು ನೀರಿನ ಹಾಗೆ ದ್ರವವಾಗಿ ಕೂತಿರುತ್ತದೆ, ಕೊನೆಯ ಗುಟುಕಿನ ತನಕ ಮುಳ್ಳು ಅಲ್ಲಾಡುವುದಿಲ್ಲ. ಹಾಗಾಗಿ ತೂಕ ನೋಡಬೇಕು. ನನ್ನ ಗಂಟು ತೂಗುವ ಯಂತ್ರವನ್ನು ಉರುಳಿಸಿಕೊಂಡು ಹೋಗಿ, ಕೊಳವೆ ಬಿಚ್ಚದೆ, ನೀಲಿ ಸಿಲಿಂಡರನ್ನು ಅದರ ಮೇಲೆ ನಿಲ್ಲಿಸಿದೆವು. ಪುಟ್ಟಿ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದು ಕೂತಳು. ಬೆಳಗ್ಗೆ ಎಂಟು ಗಂಟೆಗೆ ಒಂದು ತೂಕ.

ಒಂಬತ್ತಕ್ಕೆ ಸ್ವಲ್ಪ ಇಳಿದಿತ್ತು. "ನಿನ್ನ ಯಂತ್ರ ಹಳೇದು," ಎಂದ ಅಣ್ಣ. ಹತ್ತಕ್ಕೆ ಇನ್ನೂ ಇಳಿಯಿತು. "ನೀನು ಪಕ್ಕ ನಿಂತು ಮುಟ್ತಿದೀಯ," ಎಂದು ನನ್ನನ್ನು ಬೈದ. ಹನ್ನೆರಡಕ್ಕೆ ಬೈಯುವುದನ್ನು ಬಿಟ್ಟ. ಎರಡು ಗಂಟೆಗೆ ಒಂದು ಕೆಜಿಗಿಂತ ಹೆಚ್ಚು ಗ್ಯಾಸು ಮಾಯವಾಗಿತ್ತು.

"ಇವತ್ತು ಯಾರೂ ಇಲ್ವಲ್ಲ ಅಪ್ಪ," ಎಂದಳು ಪುಟ್ಟಿ ಮೆಲ್ಲಗೆ. "ಯಾರು ನಗ್ತಾ ಇದಾರೆ?"

ಅದಕ್ಕೆ ಉತ್ತರ ಕೊಟ್ಟದ್ದು ನನ್ನ ಸಾಬೂನು. ಸೋರಿಕೆ ಹುಡುಕಲು ನೊರೆ ಹಚ್ಚಬೇಕು ಎಂದು ಯಾರಿಗೆ ಗೊತ್ತಿಲ್ಲ? ನೊರೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರು ಹುಟ್ಟಬೇಕಷ್ಟೆ. ಒಂದು ಬಕೆಟ್ಟು ಗಟ್ಟಿ ನೊರೆ ಕಲಕಿ, ಏಣಿ ಹಾಕಿ, ಸೂರಿನ ಕೆಳಗಿನ ಕೊಳವೆಯ ಕೀಲುಗಳಿಗೆ ಬ್ರಷ್ಷಿನಿಂದ ಬಳಿದೆ. ಮೊದಲ ಕೀಲು ಪುಳಕ್ ಎಂದಿತು. ಎರಡನೆಯದು ಪುಳಕ್ ಪುಳಕ್. ಮೂರನೆಯದು, ಸರಿಯಾಗಿ ನಮ್ಮ ಚಾದರ ಮಡಿಸುವ ಮೇಜಿನ ಮೇಲಿನದು, ನಿಂಬೆಹಣ್ಣಿನ ಗಾತ್ರದ ಗುಳ್ಳೆಗಳನ್ನು ಒಂದರ ಹಿಂದೆ ಒಂದು ಊದತೊಡಗಿತು. ಗುಳ್ಳೆಗಳು ಫ್ಯಾನಿನ ಗಾಳಿಗೆ ಸಿಕ್ಕಿ ಲಾಂಡ್ರಿಯ ತುಂಬಾ ಹಾರಾಡಿದವು. ಡ್ಯೂಟಿಯಲ್ಲಿದ್ದ ಇಬ್ಬರು ಹೆಂಗಸರು ಎರಡೂ ಕೈಗಳಲ್ಲಿ ಅವನ್ನು ಒಡೆಯುತ್ತ ಕುಣಿದರು. ಪುಟ್ಟಿ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ನಾನು ಏಣಿಯ ಮೇಲೆ ನಗುತ್ತ ನಗುತ್ತ ಬಕೆಟ್ಟನ್ನೇ ಕೆಳಗೆ ಕವುಚಿದೆ, ಅದು ಅಣ್ಣನ ತಲೆಯ ಮೇಲೆ ಬಿತ್ತು. ನೊರೆಯಲ್ಲಿ ಮುಳುಗಿದ ಅಣ್ಣ, ಕಣ್ಣು ಮಾತ್ರ ಬಿಟ್ಟುಕೊಂಡು, ಆ ಮೂರನೆಯ ಕೀಲನ್ನೇ ನೋಡುತ್ತ ನಿಂತಿದ್ದ.

ಆಗಲೇ ನನಗೆ ಒಂದು ಭಯಂಕರ ಯೋಚನೆ ಬಂದದ್ದು. ನಮ್ಮ ಲಾಂಡ್ರಿಯವರು ಇಡೀ ಆಸ್ಪತ್ರೆಯಲ್ಲೇ ಹೆಚ್ಚು ನಗುವವರು ಎಂದು ಪ್ರಸಿದ್ಧಿ. ಅದಕ್ಕೆ ಕಾರಣ ನನ್ನ ಜೋಕುಗಳು ಎಂದು ನಾನು ಇಪ್ಪತ್ತು ವರ್ಷದಿಂದ ನಂಬಿದ್ದೆ. ಹಾಗಾದರೆ ನನ್ನ ಜೋಕಿಗೆ ನಕ್ಕವರೆಲ್ಲ ಈ ಕೀಲಿಗೆ ನಕ್ಕರೇ? ಗದ್ದಲ ಕೇಳಿ ಕೆಳಗಿಳಿದು ಬಂದ ಅರಿವಳಿಕೆ ಡಾಕ್ಟರಮ್ಮನನ್ನು ನಾನು ಮೊದಲು ಕೇಳಿದ್ದೇ ಇದನ್ನು.

"ಛೆ ಛೆ," ಎಂದರು ಡಾಕ್ಟರಮ್ಮ. "ಇಷ್ಟು ಕಿಟಕಿ, ಇಷ್ಟು ಫ್ಯಾನಿದೆ. ಇಲ್ಲಿ ಉಳಿಯೋ ಗ್ಯಾಸಿಗೆ ಸೊಳ್ಳೆ ಕೂಡ ನಗಲ್ಲ. ಆದ್ರೂ ದಿನಾ ಉಸಿರಾಡೋ ಗಾಳೀಲಿ ಇದು ಇರಬಾರದು."

ನನಗೆ ಹೋದ ಜೀವ ಬಂತು. ಅಣ್ಣನ ಜೀವ ಹೋದದ್ದು ಅವರ ಮುಂದಿನ ಮಾತಿಗೆ. "ಆದ್ರೆ ಆಪರೇಷನ್ ಕೋಣೇಲಿ ನಾನು ಆ ನಲ್ಲಿ ಮುಟ್ಟಿ ಹನ್ನೊಂದು ವರ್ಷ ಆಯ್ತಲ್ಲ ನಗೆಯಣ್ಣ. ಅದಕ್ಕೆ ಮುಂಚೆ ಕೊಡ್ತಿದ್ದಿದ್ದೂ ಅರಿವಳಿಕೆಗೆ ಒಂದಿಷ್ಟೇ, ನಿದ್ದೆ ಹೋದೋರು ನಗ್ತಿರಲಿಲ್ಲ. ಈಗ ಬೇರೆ ಒಳ್ಳೊಳ್ಳೆ ಔಷಧಿ ಇದೆ. ಹಲ್ಲಿನವರು ಉಪಯೋಗಿಸ್ತಾರೆ ಅಂದ್ಕೊಂಡಿದ್ದೆ."

ಹಲ್ಲಿನ ಡಾಕ್ಟರಿಗೆ ಫೋನು ಹೋಯಿತು. ಅವರು ಹೆರಿಗೆ ವಾರ್ಡಿನವರು ಉಪಯೋಗಿಸುತ್ತಾರೆ ಎಂದುಕೊಂಡಿದ್ದರಂತೆ. ಹೆರಿಗೆ ವಾರ್ಡಿಗೆ ನಾವೇ ಹೋದೆವು. ಅಲ್ಲಿನ ಹಿರಿಯ ನರ್ಸಮ್ಮ, ಅಂಥ ನಲ್ಲಿಯನ್ನು ತಾನು ಕಂಡೇ ಇಲ್ಲ ಎಂದಳು. ಹುಡುಕಿದಾಗ ಒಂದು ಕಬ್ಬಿಣದ ಬೀರುವಿನ ಹಿಂದೆ ಸಿಕ್ಕಿತು. ಮುಚ್ಚಳಕ್ಕೆ ಕಟ್ಟಡ ಕಟ್ಟಿದ ದಿನದ ಸುಣ್ಣ ಹಾಗೇ ಅಂಟಿಕೊಂಡಿತ್ತು. ಆ ನಲ್ಲಿಯನ್ನು ಯಾರೂ ಯಾವತ್ತೂ ತೆರೆದಿರಲೇ ಇಲ್ಲ. ಒಬ್ಬರು ಇನ್ನೊಬ್ಬರು ನಗುತ್ತಿದ್ದಾರೆ ಎಂದುಕೊಂಡು ಇಡೀ ಆಸ್ಪತ್ರೆ ಗಂಭೀರವಾಗಿತ್ತು.

ವಾಪಸ್ ಲಾಂಡ್ರಿಗೆ ಬಂದು ಪುಟ್ಟಿ ತೂಕದ ಯಂತ್ರದ ಪಕ್ಕ ನಿಂತು ಲೆಕ್ಕ ಹಾಕಿದಳು. ಒಂದು ಸಿಲಿಂಡರಿನಲ್ಲಿ ಮೂವತ್ತು ಕೆಜಿ. ಒಂದು ಕೆಜಿ ನಗೆಗ್ಯಾಸು ಇನ್ನೂರ ಎಪ್ಪತ್ತು ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದಂತೆ. ಗೊಬ್ಬರದಿಂದ ಏಳುತ್ತದೆ ಎಂದಳಲ್ಲ, ಅದೂ ಇದೂ ಒಂದೇ ಗ್ಯಾಸು. ವಾರಕ್ಕೊಂದು ಸಿಲಿಂಡರು ಎಂದರೆ ಎಂಟು ಸಾವಿರ ಕೆಜಿ. "ಕಾರಲ್ಲಿ ಭೂಮೀನ ಒಂದು ಸುತ್ತು ಹಾಕಿ ಬಂದ ಹಾಗೆ ಅಪ್ಪ. ಪ್ರತಿ ವಾರ. ಮೂವತ್ತೊಂದು ವರ್ಷ. ಸಾವಿರದ ಆರುನೂರು ಸುತ್ತು."

ಅಣ್ಣನ ಮೀಸೆಯಿಂದ ನೊರೆ ಇನ್ನೂ ತೊಟ್ಟಿಕ್ಕುತ್ತಿತ್ತು. ತಪ್ಪು ಬಸ್ಸು ಹತ್ತುವ ನಮ್ಮ ಅಣ್ಣ ಕಾರಿನಲ್ಲಿ ಕೂತು ಸಮುದ್ರ, ಮರುಭೂಮಿ, ಮಂಜಿನ ಗಡ್ಡೆ ಎಲ್ಲ ದಾಟಿಕೊಂಡು ಗುರುವಾರಕ್ಕೆ ಸರಿಯಾಗಿ ಗ್ಯಾಸ್ ರೂಮಿಗೆ ವಾಪಸ್ ಬರುವುದನ್ನು ನೆನೆಸಿಕೊಂಡು ನನಗೆ ನಗು ಉಕ್ಕಿತು. ಆಗ ನೋಡಿದೆ, ಅವನ ಕಣ್ಣಿಂದ ಇಳಿಯುತ್ತಿದ್ದದ್ದು ನೊರೆಯಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂವತ್ತೊಂದು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು, ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

"ಒಬ್ಬರೂ ನಗಲಿಲ್ವೇನೇ?" ಎಂದ ಅಣ್ಣ.

ನಾನು ಅವನ ಕೈಗೆ ಒಂದು ಒಣ ಬಟ್ಟೆ ಕೊಟ್ಟೆ. ಅವನು ಮುಖ ಒರೆಸಿಕೊಂಡು, "ನಿನ್ನ ಹೆರಿಗೆಗೆ..." ಎಂದು ಶುರು ಮಾಡಿದ.

"ಬೇಡ ಅಪ್ಪ," ಎಂದುಬಿಟ್ಟಳು ಪುಟ್ಟಿ. "ಊರಿಗೆಲ್ಲ ಗಾಡಿ ಹತ್ತಿಸಬೇಡಿ ಅಂತ ಹೇಳ್ಕೊಂಡು ತಿರುಗೋಳು ನಾನು. ನನ್ನ ಹೆರಿಗೆಗೆ ಅಂತ ಈ ಕೊಳವೆ ಬಿಟ್ಟುಕೊಂಡಿರೋಕಾಗಲ್ಲ. ನನಗೆ ಅದು ಬೇಡ."

ಅಣ್ಣ ತಲೆಯಾಡಿಸಿದ. ಆಚೆ ಹೋಗಿ ಎರಡೂ ನೀಲಿ ಸಿಲಿಂಡರುಗಳ ತಿರುಪನ್ನು ತಾನೇ ಬಲಕ್ಕೆ ತಿರುಗಿಸಿ ಮುಚ್ಚಿದ. ಮೇಲಧಿಕಾರಿಗೆ ಹೇಳುವವರು ಯಾರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಾನು ಯೋಚಿಸುತ್ತಿದ್ದರೆ, ಅವನು ಸೋಮವಾರ ಬೆಳಗ್ಗೆ ಒದ್ದೆಯಾಗಿದ್ದ ಅದೇ ಸಮವಸ್ತ್ರ ಇಸ್ತ್ರಿ ಮಾಡಿಸಿಕೊಂಡು ಹೋಗಿ, ಸೋರುತ್ತಿದ್ದದ್ದು ನಿಜ, ನನಗೆ ಗೊತ್ತಾಗಲಿಲ್ಲ, ಮುಚ್ಚಿದ್ದೇನೆ ಎಂದು ತಾನೇ ಹೇಳಿ ಬಂದ.

ಅದಕ್ಕೆ ಮುಂಚೆ, ಆ ಭಾನುವಾರ ಸಂಜೆಯೇ, ನಾನು ಅವನನ್ನು ಮನೆಗೆ ಬಿಡಲು ಹೋಗಿದ್ದೆ. ಅತ್ತಿಗೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅಣ್ಣ ಅವರ ಮುಂದೆ ಹೋಗಿ ನಿಂತ.

"ಹೆರಿಗೆ ವಾರ್ಡಿನ ಗ್ಯಾಸ್ ನಲ್ಲಿ ಬೀರು ಹಿಂದೆ ಇತ್ತು. ಯಾರೂ ತೆರೆದೇ ಇಲ್ವಂತೆ."

"ಹೌದು," ಎಂದರು ಅತ್ತಿಗೆ ಕ್ಲಿಪ್ಪು ತೆಗೆಯುತ್ತ. "ನನಗೆ ಅವತ್ತು ಯಾರೂ ಯಾವ ಗ್ಯಾಸೂ ಕೊಡಲಿಲ್ಲ."

"ಮತ್ತೆ ನೀನು ನಕ್ಕಿದ್ದು?"

ಅತ್ತಿಗೆ ಬಟ್ಟೆಯ ಹಿಂದೆ ಮುಖ ಮರೆಸಿಕೊಂಡರು. "ಹೆರಿಗೆ ವಾರ್ಡಿನ ಕಿಟಕಿಯಿಂದ ನಿಮ್ಮ ಗ್ಯಾಸ್ ರೂಮು ಕಾಣುತ್ತಲ್ರೀ. ನೀವು ಅಂಗಿ ಒಳಗಿಂದು ಹೊರಗೆ ಮಾಡಿ ಹಾಕ್ಕೊಂಡು, ಒಂದು ಕಾಲಿಗೆ ಬೂಟು ಒಂದು ಕಾಲಿಗೆ ಚಪ್ಪಲಿ ಮೆಟ್ಕೊಂಡು, ಆ ಸಿಲಿಂಡರನ್ನ ತಬ್ಬಿಕೊಂಡು ಅದರ ಕಿವೀಲಿ ಏನೋ ಹೇಳ್ತಿದ್ರಿ. ಅದಕ್ಕೆ ಕಿವಿಯೇ ಇಲ್ಲ! ಅಷ್ಟು ನೋವಲ್ಲೂ ನಗು ಬಂದುಬಿಡ್ತು."

"ಇಪ್ಪತ್ತೊಂಬತ್ತು ವರ್ಷ ಯಾಕೆ ಹೇಳಲಿಲ್ಲ?"

"ನೀವು ಒಳಗೆ ಬಂದಾಗ ನಿಮ್ಮ ಮುಖ ನೋಡಿದೆ. ಹೇಳೋಕೆ ಮನಸ್ಸಾಗಲಿಲ್ಲ ಕಣ್ರೀ."

ಅಣ್ಣ ಅವರ ಕೈಯಲ್ಲಿದ್ದ ಬಟ್ಟೆಯ ರಾಶಿಯನ್ನು ತಾನು ತೆಗೆದುಕೊಂಡು ಕೆಳಗಿಳಿದ. ಎರಡು ಮೆಟ್ಟಿಲು ಇಳಿದ ಮೇಲೆ ಮೀಸೆಯ ಬಲತುದಿ ಒಂದಿಷ್ಟು ಎದ್ದದ್ದನ್ನು ನಾನು ನೋಡಿದೆ. ಆದರೆ ಹೆಂಡತಿಗೆ ಕೊಟ್ಟೆನೆಂದುಕೊಂಡದ್ದು ಕೊಟ್ಟಿರಲಿಲ್ಲ, ಮಗಳಿಗೆ ಕೊಡಬೇಕೆಂದುಕೊಂಡದ್ದು ಅವಳಿಗೆ ಬೇಡವಾಗಿತ್ತು. ಆ ಗುರುವಾರ ಗಂಟೆ ಬಾರಿಸಲಿಲ್ಲ. ಗೋಡೆಯಾಚೆ ಒಂದು ಸಣ್ಣ ಕೆಮ್ಮು ಕೇಳಿಸಿತು ಅಷ್ಟೇ. ಅವತ್ತು ನನ್ನ ಎರಡು ಒಳ್ಳೆಯ ಜೋಕಿಗೆ ಯಾರೂ ನಗಲಿಲ್ಲ, ಡಾಕ್ಟರಮ್ಮನ ಮಾತಿನ ಮೇಲೆ ನನಗೆ ಮತ್ತೆ ಸಂಶಯ ಬಂತು.

ಮುಂದಿನ ವಾರ ಡಾಕ್ಟರಮ್ಮ ತರಿಸಿದ ಎರಡು ಪುಟ್ಟ ಸಿಲಿಂಡರುಗಳು ಬಂದವು. ಅರ್ಧ ಆಮ್ಲಜನಕ, ಅರ್ಧ ನಗೆಗ್ಯಾಸು. ಕೊಳವೆ ಇಲ್ಲ, ಮಹಡಿ ಹತ್ತುವುದಿಲ್ಲ. ಹಾಸಿಗೆಯ ಪಕ್ಕ ನಿಲ್ಲಿಸಿ, ನೋವಿನಲ್ಲಿರುವವರು ಬಾಯಿಗಿಟ್ಟು ಉಸಿರೆಳೆದರೆ ಮಾತ್ರ ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಬೇಕಾದವರಿಗೆ ಬೇಕಾದಷ್ಟು. ಅಣ್ಣ ನನ್ನ ಹತ್ತಿರ ಒಂದು ಲೋಟ ನೊರೆ ಕೇಳಿ ತೆಗೆದುಕೊಂಡು ಹೋಗಿ, ಕನ್ನಡಕ ಹಾಕಿಕೊಂಡು, ಎರಡರ ಕೀಲುಗಳಿಗೂ ದಿನಕ್ಕೆ ಮೂರು ಸಲ ಬಳಿದು ಕಾದು ನೋಡುತ್ತಿದ್ದ. ಒಂದು ಗುಳ್ಳೆಯೂ ಏಳಲಿಲ್ಲ. ಪುಟ್ಟಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಬೇಡ ಎಂದವಳಿಗೆ ಮತ್ತೆ ಕೇಳುವ ಜಾಯಮಾನ ಅವನದಲ್ಲ.

ಬುಧವಾರ ಬೆಳಗ್ಗೆ ಪುಟ್ಟಿಗೆ ನೋವು ಶುರುವಾಯಿತು. ಅಳಿಯ ಅವಳನ್ನು ಕರೆತಂದ. ಅವನ ಮುಖ ನೋಡಿದರೆ ಹೆರುವವನು ಅವನೇ ಎನ್ನಬೇಕು, ಅಷ್ಟು ಬಿಳಿಚಿಕೊಂಡಿದ್ದ. ಪುಟ್ಟಿ ಧೈರ್ಯವಾಗಿ ಲಿಫ್ಟು ಹತ್ತುತ್ತ, "ಅತ್ತೆ, ಉಸಿರಾಟದ ವ್ಯಾಯಾಮ ಕಲಿತಿದೀನಿ, ಏನೂ ಬೇಕಾಗಲ್ಲ," ಎಂದಳು. ನಾನು ಎರಡು ಹೆತ್ತವಳು, ಬಾಯಿಗೆ ಬೀಗ ಹಾಕಿಕೊಂಡೆ.

ಹನ್ನೆರಡೂವರೆಗೆ ಮೇಲಿನ ಕಿಟಕಿಯಿಂದ ನರ್ಸಮ್ಮನ ತಲೆ ಹೊರಗೆ ಬಂತು. "ನಗೆಯಣ್ಣಾ! ನಿಮ್ಮ ಮಗಳು ‘ನಮ್ಮಪ್ಪನ ಗ್ಯಾಸು ಎಲ್ಲಿ’ ಅಂತ ಆಸ್ಪತ್ರೆ ಕಿತ್ತುಹೋಗೋ ಹಾಗೆ ಕೂಗ್ತಿದಾಳೆ! ಬೇಗ ತನ್ನಿ!"

ಅಣ್ಣ ಓಡಿದ. ಐವತ್ತೆಂಟು ವರ್ಷದ ಮನುಷ್ಯ ಪುಟ್ಟ ಸಿಲಿಂಡರನ್ನು ಕೈಗಾಡಿಯಲ್ಲಿಟ್ಟು, ಅಂಗಳದ ಕಲ್ಲಿನ ಮೇಲೆ ಗಡಗಡ ಎನ್ನಿಸುತ್ತ ಓಡಿದ. ನಾನು ಹಿಂದಿಂದ ಓಡಿದೆ, ನನ್ನ ಹಿಂದೆ ಆರು ಜನ ಹೆಂಗಸರು. ಲಿಫ್ಟು ಬಾಗಿಲು ತೆರೆದು ನಿಂತಿತ್ತು. ಅಣ್ಣ ಕೈಗಾಡಿ ಒಳಗೆ ನೂಕಿದ ಕೂಡಲೇ ಅದು ಕುಂಯ್ ಕುಂಯ್ ಎಂದು ಹೊಡೆದುಕೊಳ್ಳತೊಡಗಿತು. ತೂಕ ಜಾಸ್ತಿ. ಒಳಗೆ ನೋಡಿದರೆ ನನ್ನವೇ ಎರಡು ಚಾದರದ ಗಾಡಿಗಳು, ಒದ್ದೆ ಬಟ್ಟೆ ತುಂಬಿಕೊಂಡು ಮೆರೆಯುತ್ತಿವೆ!

ಅಣ್ಣ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಪ್ಪತ್ತು ವರ್ಷ ಈ ಗಾಡಿಗಳಿಗಾಗಿ ನಾನು ಯಾರ್ಯಾರ ಜೊತೆ ಜಗಳವಾಡಿದ್ದೆನೋ ಲೆಕ್ಕವಿಲ್ಲ. "ಎಳೀರೇ ಅವನ್ನ ಹೊರಗೆ!" ಎಂದು ಕೂಗಿ ಒಂದಕ್ಕೆ ನಾನೇ ಕೈ ಹಾಕಿದೆ. ಒಂದು ಗಾಡಿ ಉರುಳಿ ಒದ್ದೆ ಚಾದರವೆಲ್ಲ ಅಂಗಳ ಸೇರಿತು, ಇನ್ನೊಂದು ತಾನಾಗಿ ಓಡಿಹೋಗಿ ಕಾವಲುಗಾರನ ಕುರ್ಚಿಗೆ ಗುದ್ದಿತು. ಲಿಫ್ಟು ಗಪ್‌ಚಿಪ್ಪಾಯಿತು. ಗಾಡಿಗಳು ಇಳಿದ ಜಾಗದಲ್ಲಿ ಅಣ್ಣ, ಅವನ ಸಿಲಿಂಡರು, ನಾನು, ಎಲ್ಲಿಂದಲೋ ಓಡಿಬಂದ ಅತ್ತಿಗೆ, ಎಲ್ಲರೂ ಆರಾಮಾಗಿ ಹಿಡಿಸಿದೆವು. ಇನ್ನೂ ಇಬ್ಬರಿಗೆ ಜಾಗವಿತ್ತು.

ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸಮ್ಮ ಸಿಲಿಂಡರು ತೆಗೆದುಕೊಂಡಳು. ಅಣ್ಣ ಹೊರಗೇ ನಿಂತ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಕಿವಿ ಬಾಗಿಲಿಗೆ ಕೊಟ್ಟು ನಿಂತ. ಆಗ ನನಗೆ ಹೊಳೆಯಿತು: ನಗೆಯಣ್ಣ ಎಂದು ಹೆಸರು ಹೊತ್ತು ಮೂವತ್ತೊಂದು ವರ್ಷ ದುಡಿದ ಈ ಮನುಷ್ಯ ತನ್ನ ಗ್ಯಾಸಿನಿಂದ ಒಬ್ಬರು ನಕ್ಕದ್ದನ್ನೂ ಕಿವಿಯಾರೆ ಕೇಳಿಲ್ಲ.

ಒಳಗೆ ಮೊದಲು ನರಳಾಟ. ಆಮೇಲೆ ಬುಸ್ ಬುಸ್ ಎಂದು ಉಸಿರೆಳೆಯುವ ಸದ್ದು. ಒಂದು, ಎರಡು, ಮೂರು. ಆಮೇಲೆ ಏನೂ ಇಲ್ಲ. ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ.

ಆಮೇಲೆ ಒಂದು ನಗು. ಚಿಕ್ಕಂದಿನಲ್ಲಿ ಕಚಗುಳಿ ಇಟ್ಟಾಗ ಪುಟ್ಟಿ ನಗುತ್ತಿದ್ದಳಲ್ಲ, ಅದೇ ನಗು, ಗಂಟಲಿಂದ ಗುಳುಗುಳು ಎಂದು ಎದ್ದು ಬರುವಂಥದ್ದು.

"ಅಪ್ಪಾ!" ಎಂದು ಕೂಗಿದಳು ಒಳಗಿಂದ, ನಗುತ್ತಲೇ. "ಅಪ್ಪಾ, ಇದೂ ಉಸಿರು ಬಿಟ್ಟಮೇಲೆ ಆಕಾಶಕ್ಕೇ ಹೋಗುತ್ತೆ! ಲೆಕ್ಕ ಹಾಕ್ತಾ ಇದೀನಿ! ಹೆತ್ತು ಮುಗಿಸೋ ಹೊತ್ತಿಗೆ ಮುನ್ನೂರು ಕಿಲೋಮೀಟರ್ ಆಗುತ್ತೆ!"

"ಆಗ್ಲಿ ಬಿಡು ತಾಯೀ, ನೀನು ನಗು!" ಎಂದ ಅಣ್ಣ. ಅವನ ಮೀಸೆಯ ಬಲತುದಿಯೂ ಎದ್ದಿತು, ಎಡತುದಿಯೂ ಎದ್ದಿತು, ಆಮೇಲೆ ಬಾಯಿ ತೆರೆದು ಹಲ್ಲೆಲ್ಲ ಬಿಟ್ಟು ಗಹಗಹಿಸಿ ನಗತೊಡಗಿದ. ಅತ್ತಿಗೆ ಅವನನ್ನು ನೋಡಿ ನಕ್ಕರು. ನಾನಂತೂ ನೆಲದ ಮೇಲೆ ಕೂತುಬಿಟ್ಟೆ. ಡಾಕ್ಟರಮ್ಮ ಹೊರಗೆ ತಲೆ ಹಾಕಿ, "ಗ್ಯಾಸು ಕೊಟ್ಟಿದ್ದು ಒಬ್ಬರಿಗೆ ತಾನೇ?" ಎಂದು ಗದರಿಸಿದರು.

ಒಂದೂವರೆ ಗಂಟೆಗೆ ಮಗು ಅತ್ತಿತು. ಗಂಡುಮಗು. ನರ್ಸಮ್ಮ ಅದನ್ನು ನಾನೇ ಒಗೆದು ಮಡಿಸಿದ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಣ್ಣನ ಕೈಗಿಟ್ಟಳು. ಸ್ಪ್ಯಾನರನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಅದನ್ನು ನನ್ನ ಕೈಗೆ ತುರುಕಿದ. ಒಳಗೆ ಕರೆದುಕೊಂಡು ಹೋದಾಗ ಪುಟ್ಟಿ ಬೆವರಿನಲ್ಲಿ ತೊಯ್ದು ಮಲಗಿದ್ದಳು, ತುಟಿಯ ಮೇಲೆ ನಗು ಇನ್ನೂ ಉಳಿದಿತ್ತು.

"ಬೈಕೊಳ್ಬೇಡ ಅಪ್ಪ," ಎಂದಳು. "ಬೇಡ ಅಂದಿದ್ದೆ. ಕೊನೆಗೆ ನಾನೂ ಮುನ್ನೂರು ಕಿಲೋಮೀಟರ್ ಓಡಿಸಿಬಿಟ್ಟೆ."

ಅಣ್ಣ ಮಗುವಿನ ಮುಖದಿಂದ ಕಣ್ಣು ಕೀಳಲಿಲ್ಲ.

"ಸಾವಿರದ ಆರುನೂರು ಸಲ ಹೋಗಿ ಬರಿಗೈಲಿ ವಾಪಸ್ ಬಂದಿದ್ದೆ ಕಣಮ್ಮಾ," ಎಂದ. "ಈ ಒಂದು ಸಲ ಇವನನ್ನ ಕರ್ಕೊಂಡು ಬಂದೆ."